ಕುಪ್ಪಳಿಯ ಮನೆ

ಊರಿನ ಮನೆಯ ಮಾತು ಬಂದರೆ ನಮ್ಮವರಲ್ಲಿ ಏಳುವುದು ಒಂದೇ ಪ್ರಶ್ನೆ: ಇಟ್ಟುಕೊಳ್ಳುವುದೋ, ಮಾರುವುದೋ? ಹೆಂಚು ಕೈಯಾಡಿಸಲು ಆಳು ಸಿಕ್ಕದು, ದಾಯಾದಿಗಳ ಸಹಿ ಒಂದೆಡೆ ಕೂಡದು, ಮಕ್ಕಳಿಗೋ ಸೂರತ್ತೇ ಊರು. ಇಂಥ ಹೊತ್ತಿನಲ್ಲಿ, ಜೀರ್ಣವಾಗಿದ್ದೂ ಉಳಿದುಕೊಂಡ ಒಂದು ಮನೆಯ ಚರಿತ್ರೆಯನ್ನು ಓದುಗರ ಮುಂದಿಡುತ್ತಿದ್ದೇನೆ.

ಮಲೆನಾಡಿನಲ್ಲಿ ಎಷ್ಟೋ ಊರುಗಳು ಒಂದೊಂದೇ ಮನೆಯವು. ಬಯಲುಸೀಮೆಯ ನಮ್ಮ ಮಿತ್ರರಿಗೆ ಇದು ಸೋಜಿಗ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಅಂಥದು. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿ ಸೀತಮ್ಮನವರ ತವರಾದ ಹಿರೇಕೊಡಿಗೆಯಲ್ಲಿ. ಬೆಳೆದದ್ದು ತಂದೆ ವೆಂಕಟಪ್ಪಗೌಡರ ಈ ಮನೆಯಲ್ಲಿ. ಕಾಡುಗುಡ್ಡದ ಬುಡದಲ್ಲಿ ಮೂರಂತಸ್ತು, ನಡುವೆ ಅಂಗಳ, ಸುತ್ತ ಮರದ ಕಂಬಗಳ ಜಗಲಿ.

ಅಹಮದಾಬಾದಿನ ಪೋಳ್‌ಗಳ ಹಳೆಯ ಮನೆಗಳನ್ನು ನೋಡಿದವರಿಗೆ ಇಲ್ಲೊಂದು ಹೋಲಿಕೆ ಹೊಳೆಯಬೇಕು. ಅಲ್ಲಿಯೂ ನಡುವೆ ಚೌಕ ಉಂಟು. ಆದರೆ ಅಲ್ಲಿ ಮಳೆ ಅಪರೂಪ. ಬಿದ್ದ ನೀರನ್ನು ನೆಲದಡಿಯ ಟಾಂಕಾದಲ್ಲಿ ಕೂಡಿಟ್ಟು ವರ್ಷವಿಡೀ ಕುಡಿಯುತ್ತಿದ್ದರು. ಮಲೆನಾಡಿನಲ್ಲಿ ಕೆಲಸ ತಿರುಗುಮುರುಗು: ಕಡಿದಾದ ಮಾಡಿನಿಂದ ಸುರಿಯುವ ನೀರನ್ನು ಬೇಗ ಹೊರಗೆ ಸಾಗಿಸಬೇಕು, ಇಲ್ಲದಿದ್ದರೆ ಮರ ಕೊಳೆಯುತ್ತದೆ. ಒಲೆಯ ಹೊಗೆಯೂ ಅಲ್ಲಿ ಶತ್ರುವಲ್ಲ. ತೊಲೆಜಂತೆಗಳನ್ನು ಹುಳದಿಂದ ಕಾಯುವುದು ಅದೇ. ವಾಸ ನಿಂತ ಮನೆ ಬೇಗ ಬೀಳುವುದಕ್ಕೆ ಒಲೆ ಆರಿದ್ದೂ ಒಂದು ಕಾರಣ.

ಇಷ್ಟು ದೊಡ್ಡ ಮನೆಗಳು ಬರಿಯ ಒಡೆಯರ ಬೆವರಿನಿಂದ ನಿಲ್ಲಲಿಲ್ಲ. ಗದ್ದೆ, ತೋಟಗಳಲ್ಲಿ ದುಡಿದ ಜೀತದಾಳುಗಳಿಗೆ ಒಳಜಗಲಿಗೆ ಪ್ರವೇಶವಿರಲಿಲ್ಲ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯಂಥ ಆಳನ್ನೇ ಮುಂದೆ ನಿಲ್ಲಿಸಿ ಕುವೆಂಪು ಈ ಲೆಕ್ಕವನ್ನು ಮರೆಮಾಚದೆ ಬರೆದರು. ಮನೆತನದ ಹೆಮ್ಮೆ ಹೇಳುವಾಗ ನಾವು ಇದನ್ನು ನುಂಗಿಕೊಳ್ಳುವುದೇ ಹೆಚ್ಚು.

ಅವರೂ ಒಂದು ಬಗೆಯಲ್ಲಿ ವಲಸಿಗರೇ. ಓದಲೆಂದು ಮೈಸೂರಿಗೆ ಹೋದವರು ಅಲ್ಲೇ ನೆಲೆಸಿ ‘ಉದಯರವಿ’ ಕಟ್ಟಿಸಿದರು. ಕುಪ್ಪಳಿ ರಜೆಯ ಊರಾಯಿತು, ಕಾದಂಬರಿಗಳ ಊರಾಯಿತು. ಮನೆ ಮಾತ್ರ ಮಳೆಗೆ ಸವೆಯುತ್ತಲೇ ಇತ್ತು. 1992ರಲ್ಲಿ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಸ್ಥಾಪನೆಯಾಗಿ, ಮುಂದೆ ಮನೆಯ ಜೀರ್ಣೋದ್ಧಾರ ನಡೆದು ‘ಕವಿಮನೆ’ ಸಂಗ್ರಹಾಲಯವಾಯಿತು. 1937ರ ಅವರ ಮದುವೆಯ ಮಂಟಪ, ಅಡಿಗೆಯ ಪಾತ್ರೆಗಳು, ಬೇಸಾಯದ ಸಲಕರಣೆಗಳು ಅಲ್ಲಿವೆ. 1994ರ ನವೆಂಬರ್ 11ರಂದು ತೀರಿಕೊಂಡ ಕವಿಯ ಸಮಾಧಿ ಮೇಲಿನ ಕವಿಶೈಲದಲ್ಲಿದೆ. 2015ರ ನವೆಂಬರಿನಲ್ಲಿ ಕಳ್ಳರು ಮನೆಗೆ ನುಗ್ಗಿ ಪದ್ಮ ಪದಕಗಳನ್ನು ಒಯ್ದರು. ಊರಿನ ಮನೆಗೆ ಬೀಗ ಹಾಕಿ ಬಂದವರಿಗೆ ಆ ಸುದ್ದಿ ಎಷ್ಟು ಕುಟುಕಿತೆಂದು ಹೇಳಬೇಕಿಲ್ಲ.

ಇನ್ನೊಂದು ಮಾತು. 1967ರ ಜ್ಞಾನಪೀಠ ಪ್ರಶಸ್ತಿಯನ್ನು ಕುವೆಂಪು ಅವರೊಂದಿಗೆ ಹಂಚಿಕೊಂಡವರು ಗುಜರಾತಿನ ಉಮಾಶಂಕರ ಜೋಶಿ. ಅವರು ಹುಟ್ಟಿದ ಬಾಮಣಾ ಗ್ರಾಮ ಅಹಮದಾಬಾದಿನಿಂದ ಈಶಾನ್ಯಕ್ಕೆ, ಅರಾವಳಿಯ ಕಡೆಗಿದೆ. ಕುಪ್ಪಳಿಗೆ ಹೋಗಲು ಬೇಸಿಗೆಯ ರಜೆ ಬೇಕು. ಬಾಮಣಾಕ್ಕೆ ಒಂದು ಭಾನುವಾರ ಸಾಕು.