ಹರ್ಡೇಕರ ಮಂಜಪ್ಪ

ಹರ್ಡೇಕರ ಮಂಜಪ್ಪ (1886–1947): ಪತ್ರಕರ್ತ, ಗ್ರಂಥಕರ್ತ, ಬಸವತತ್ತ್ವದ ಪ್ರಸಾರಕ, ಗಾಂಧೀಮಾರ್ಗದ ಶಿಕ್ಷಕ. ನಾಡು ಇವರನ್ನು ‘ಕರ್ನಾಟಕದ ಗಾಂಧಿ’ ಎಂದು ಕರೆಯಿತು. ಬನವಾಸಿಯಲ್ಲಿ ಹುಟ್ಟಿ, ದಾವಣಗೆರೆ ಮತ್ತು ಹರಿಹರಗಳಲ್ಲಿ ದುಡಿದು, ಬಾಳಿನ ಕೊನೆಯ ಸುಮಾರು 20 ವರ್ಷಗಳನ್ನು ಕೃಷ್ಣಾ ತೀರದ ಆಲಮಟ್ಟಿಯಲ್ಲಿ ಕಳೆದರು. 17ನೆಯ ವಯಸ್ಸಿಗೆ ಶಾಲಾ ಮಾಸ್ತರರಾದ ಇವರು 20ಕ್ಕೆ ಪತ್ರಿಕೆಯ ಸಂಪಾದಕರಾದರು. 27ಕ್ಕೆ ಬಸವ ಜಯಂತಿಯನ್ನು ಮಠದ ಅಂಗಳದಿಂದ ಸಾರ್ವಜನಿಕ ಉತ್ಸವವಾಗಿ ಮೇಲೆತ್ತಿದರು. ಇಷ್ಟಕ್ಕೂ ಇವರ ಶಾಲಾ ವಿದ್ಯೆ ಕನ್ನಡ ಏಳನೆಯ ಇಯತ್ತೆಗೆ, ಅಂದರೆ ಮುಲ್ಕಿ ಪರೀಕ್ಷೆಗೆ ಮುಗಿದಿತ್ತು.

ಮಂಜಪ್ಪನವರು ಹುಟ್ಟಿದ್ದು 1886ರ ಫೆಬ್ರುವರಿ 18ರಂದು, ಉತ್ತರ ಕನ್ನಡ ಜಿಲ್ಲೆ ಸಿರಸಿ ತಾಲ್ಲೂಕಿನ ಬನವಾಸಿಯ ಬಡ ಕುಟುಂಬವೊಂದರಲ್ಲಿ. ಕದಂಬರ ರಾಜಧಾನಿಯಾಗಿ ಮೆರೆದ ಬನವಾಸಿ ಆ ಹೊತ್ತಿಗೆ ವರದಾ ನದಿಯ ದಂಡೆಯ ಒಂದು ಹಳ್ಳಿ. ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ಬಡವರ ಮಕ್ಕಳಿಗೆ ಮುಲ್ಕಿಯೇ ಓದಿನ ಕೊನೆಯ ಮೆಟ್ಟಿಲು. ಅದನ್ನು ದಾಟಿದವನಿಗೆ ಕನ್ನಡ ಶಾಲೆಯ ಮಾಸ್ತರಿಕೆ ಸಿಗಬಹುದು, ಇಲ್ಲವೆ ತಲಾಠಿಯ ಕೆಲಸ. ಅದರಾಚೆಗಿನ ಇಂಗ್ಲಿಷ್ ಶಾಲೆ, ಕಾಲೇಜುಗಳಿಗೆ ಹಣ ಬೇಕಿತ್ತು, ಪಟ್ಟಣದಲ್ಲಿ ಇರಲು ನೆಲೆ ಬೇಕಿತ್ತು. ಮಂಜಪ್ಪನವರಿಗೆ ಎರಡೂ ಇರಲಿಲ್ಲ. 1903ರಲ್ಲಿ ಮುಲ್ಕಿ ಪಾಸಾಗಿ, ಸಿರಸಿಯ ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 7 ರೂಪಾಯಿ ಸಂಬಳದ ಮಾಸ್ತರರಾದರು.

ಸಿರಸಿಯಲ್ಲಿ ಅವರ ಮನಸ್ಸನ್ನು ತಿರುಗಿಸಿದ್ದು ಟಿಳಕರ ‘ಕೇಸರಿ’. 1905ರಲ್ಲಿ ಬಂಗಾಳದ ವಿಭಜನೆಯಾಗಿ ಸ್ವದೇಶಿ ಚಳವಳಿ ದೇಶಕ್ಕೆಲ್ಲ ಹಬ್ಬುತ್ತಿದ್ದ ಕಾಲ. ಪುಣೆಯಿಂದ ವಾರವಾರ ಬರುತ್ತಿದ್ದ ಆ ಮರಾಠಿ ಪತ್ರಿಕೆ ಮುಂಬಯಿ ಕರ್ನಾಟಕದ ಓದು ಬಲ್ಲವರ ಕೈಯಿಂದ ಕೈಗೆ ದಾಟುತ್ತಿತ್ತು. ಮರಾಠಿ ಬಾರದ ಕನ್ನಡಿಗನಿಗೆ ಮಾತ್ರ ಆ ವಿಚಾರ ತಲುಪುತ್ತಿರಲಿಲ್ಲ. ಈ ಕೊರತೆ ಮಂಜಪ್ಪನವರಿಗೆ ಕಂಡಿತು. ಅದನ್ನು ತುಂಬುವುದು ತನ್ನ ಕೆಲಸ ಎಂದುಕೊಂಡದ್ದರಲ್ಲಿ ಅವರ ಮುಂದಿನ ಬದುಕೆಲ್ಲ ಅಡಗಿದೆ. 1906ರಲ್ಲಿ ಸರಕಾರಿ ನೌಕರಿಗೆ ರಾಜೀನಾಮೆ ಕೊಟ್ಟು ಸೋದರನೊಡನೆ ದಾವಣಗೆರೆಗೆ ಬಂದರು. ಅಲ್ಲಿ ‘ಧನುರ್ಧಾರಿ’ ಎಂಬ ಪತ್ರಿಕೆಯನ್ನು ಆರಂಭಿಸಿದರು.

ದಾವಣಗೆರೆ ಆಗ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ರೈಲು ಬಂದು ಹತ್ತಿ ಮತ್ತು ಕಾಳಿನ ವ್ಯಾಪಾರ ಕುದುರಿದ ಊರು. ಮುಂಬಯಿ ಪ್ರಾಂತದ ಗಡಿ ಅಲ್ಲಿಂದ ದೂರವಿರಲಿಲ್ಲ, ಹಾಗಾಗಿ ಎರಡೂ ಕಡೆಯ ಕನ್ನಡಿಗರನ್ನು ಮುಟ್ಟಲು ಅನುಕೂಲವಿತ್ತು. ‘ಧನುರ್ಧಾರಿ’ಯಲ್ಲಿ ‘ಕೇಸರಿ’ಯ ಲೇಖನಗಳು ಕನ್ನಡವಾಗಿ ಬರುತ್ತಿದ್ದವು. ಟಿಳಕರ ಮಾದರಿಯಲ್ಲಿ ಗಣೇಶೋತ್ಸವ, ಉಪನ್ಯಾಸಗಳೂ ನಡೆದವು. ಕೈಯಲ್ಲಿ ಹಣವಿಲ್ಲದ, ಪದವಿಯಿಲ್ಲದ 20 ವರ್ಷದ ತರುಣ ರಾಷ್ಟ್ರೀಯ ಪತ್ರಿಕೆ ನಡೆಸುವುದು ಆಗ ಸಣ್ಣ ಸಾಹಸವಲ್ಲ. 1908ರಲ್ಲಿ ಮೈಸೂರು ಸರಕಾರ ವೃತ್ತಪತ್ರಿಕಾ ಕಾನೂನನ್ನು ತಂದು, ಅನುಮತಿಯಿಲ್ಲದೆ ಯಾರೂ ಪತ್ರಿಕೆ ಹೊರಡಿಸದಂತೆ ಕಟ್ಟು ಹಾಕಿತು. ಅದನ್ನು ಪ್ರತಿಭಟಿಸಿ ಎಂ. ವೆಂಕಟಕೃಷ್ಣಯ್ಯನವರಂಥ ಹಿರಿಯರೇ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅದೇ ವರ್ಷ ಟಿಳಕರು ಆರು ವರ್ಷದ ಶಿಕ್ಷೆಗೆ ಗುರಿಯಾಗಿ ಮಂಡಾಲೆಯ ಸೆರೆಮನೆಗೆ ಹೋದರು.

1910ರಲ್ಲಿ, 24ನೆಯ ವಯಸ್ಸಿನಲ್ಲಿ, ಮಂಜಪ್ಪನವರು ಆಜನ್ಮ ಬ್ರಹ್ಮಚರ್ಯದ ವ್ರತ ತೊಟ್ಟರು. ಅವರ ಗಮನ ರಾಜಕೀಯ ಬರಹದಿಂದ ಜನರ ನಡತೆ, ಶಿಕ್ಷಣ, ಧರ್ಮಗಳ ಕಡೆಗೆ ಹೊರಳಿದ್ದು ಈ ವರ್ಷಗಳಲ್ಲಿ. 1911ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಅಪ್ಪಗಳ ನೆರವಿನಿಂದ ಭಜನಾ ಸಂಘವನ್ನು ಕಟ್ಟಿದರು. ಭಜನೆಗೆ ಸೇರಿದ ಜನ ಉಪನ್ಯಾಸ ಕೇಳಿದರು, ವಚನದ ಅರ್ಥ ಕೇಳಿದರು, ತಮ್ಮೊಳಗೇ ಚರ್ಚೆ ಮಾಡಿದರು.

ಅಲ್ಲಿಂದ ಬಂದದ್ದು 1913ರ ಬಸವ ಜಯಂತಿ. ಇದರ ತೂಕ ಇಂದು ಸುಲಭವಾಗಿ ತಿಳಿಯದು. ಆ ಕಾಲದ ಬಹುಪಾಲು ಭಕ್ತರಿಗೆ ಬಸವಣ್ಣ ಪುರಾಣದ ವ್ಯಕ್ತಿ, ನಂದಿಯ ಅವತಾರ. ಅವನನ್ನು ಪೂಜಿಸುತ್ತಿದ್ದರು, ಆದರೆ 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬದುಕಿ, ಜಾತಿಯನ್ನು ಪ್ರಶ್ನಿಸಿ, ಕಾಯಕವನ್ನು ಎತ್ತಿಹಿಡಿದ ಮನುಷ್ಯನಾಗಿ ಅವನನ್ನು ಕಂಡವರು ಕಡಿಮೆ. ವಚನಗಳು ಬಹುಮಟ್ಟಿಗೆ ಓಲೆಗರಿಯಲ್ಲೇ ಉಳಿದಿದ್ದವು. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಹೊರಬರಲು ಇನ್ನೂ ಹತ್ತು ವರ್ಷವಿತ್ತು. ಅಂಥ ಹೊತ್ತಿನಲ್ಲಿ ಮಂಜಪ್ಪನವರೂ ಮೃತ್ಯುಂಜಯ ಅಪ್ಪಗಳೂ ವಿರಕ್ತಮಠದಲ್ಲಿ ಬಸವಣ್ಣನ ಹುಟ್ಟುಹಬ್ಬವನ್ನು ಊರ ಜನರನ್ನೆಲ್ಲ ಸೇರಿಸಿ ಆಚರಿಸಿದರು. ಗಣೇಶೋತ್ಸವ, ಶಿವಾಜಿ ಉತ್ಸವಗಳಲ್ಲಿ ಟಿಳಕರು ಜನರನ್ನು ಒಗ್ಗೂಡಿಸಿದ ಮಾದರಿ ಕಣ್ಣ ಮುಂದಿತ್ತು. ಆದರೆ ಮಂಜಪ್ಪನವರು ಆರಿಸಿಕೊಂಡದ್ದು ದೇವರನ್ನಲ್ಲ, ಅರಸನನ್ನಲ್ಲ. ಕನ್ನಡದಲ್ಲಿ ಮಾತಾಡಿದ ಒಬ್ಬ ಸುಧಾರಕನನ್ನು. ಅವರ ಆಯ್ಕೆಯ ದೊಡ್ಡತನ ಇದರಲ್ಲಿದೆ. ಆಚರಣೆ ಊರಿಂದೂರಿಗೆ ಹಬ್ಬಿತು. ಇಂದು ವೈಶಾಖದ ಅಕ್ಷಯ ತೃತೀಯೆಯಂದು ಬರುವ ಬಸವ ಜಯಂತಿ ಕರ್ನಾಟಕದಲ್ಲಿ ಸಾರ್ವತ್ರಿಕ ರಜೆಯ ದಿನ. 2024ರಲ್ಲಿ ರಾಜ್ಯ ಸರಕಾರ ಬಸವಣ್ಣನನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕನೆಂದು ಸಾರಿತು. ಶತಮಾನದ ಹಿಂದೆ ಅದಕ್ಕೆ ನೆಲ ಹದಮಾಡಿದವರಲ್ಲಿ ಈ ಮುಲ್ಕಿ ಮಾಸ್ತರರ ಹೆಸರು ಮೊದಲ ಸಾಲಿನದು.

ಟಿಳಕರಿಂದ ಆರಂಭವಾದ ಅವರ ದಾರಿ ಗಾಂಧೀಜಿಯತ್ತ ತಿರುಗಿದ್ದು ಸಹಜವಾಗಿತ್ತು. ದುಡಿಮೆ, ಸರಳತೆ, ಅಸ್ಪೃಶ್ಯತೆಯ ನಿವಾರಣೆ, ನುಡಿದಂತೆ ನಡೆಯುವ ಹಟ ಇವೆಲ್ಲವನ್ನೂ ಮಂಜಪ್ಪನವರು ಮೊದಲೇ ಶರಣರಲ್ಲಿ ಕಂಡಿದ್ದರು. ಗಾಂಧೀಜಿಯ ಚರಿತ್ರೆಯನ್ನು ಕನ್ನಡದಲ್ಲಿ ಬರೆದ ಮೊದಲಿಗರಲ್ಲಿ ಅವರೂ ಒಬ್ಬರು. 1920ರ ದಶಕದ ಮೊದಲ ವರ್ಷಗಳಲ್ಲಿ ಹರಿಹರದ ತುಂಗಭದ್ರಾ ದಡದಲ್ಲಿ ಸಬರಮತಿಯ ಮಾದರಿಯ ಆಶ್ರಮವನ್ನು ತೆರೆದರು. ಬಸವೇಶ್ವರ ಸೇವಾದಳವನ್ನು ಕಟ್ಟಿ, 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಸೇವೆಗೆ ನಿಂತರು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಬಳಿಕ ಊರೂರು ಸುತ್ತಿ ಖಾದಿಯ ಪ್ರಚಾರ ಮಾಡಿದರು. ‘ಖಾದಿ ವಿಜಯ’ ಎಂಬ ಪತ್ರಿಕೆಯನ್ನೂ ನಡೆಸಿದರು.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದವರು ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್. ಬೆಳಗಾವಿ ಅಧಿವೇಶನದಲ್ಲಿ ಅವರ ಸ್ವಯಂಸೇವಕರೂ ಇದ್ದರು. ಅಡ್ಡಹೆಸರು ಒಂದೇ ಬಗೆಯದಾಗಿರುವುದರಿಂದ ಎಷ್ಟೋ ಬರಹಗಳಲ್ಲಿ ಇಬ್ಬರ ಕೆಲಸಗಳು ಕಲಸಿಹೋಗಿವೆ. ಒಬ್ಬರು ಅಮೆರಿಕದಲ್ಲಿ ಓದಿ ಬಂದ ವೈದ್ಯರು, ಇನ್ನೊಬ್ಬರು ಬನವಾಸಿಯ ಮಾಸ್ತರರು. ಇಬ್ಬರೂ ಮಾನ್ಯರೇ, ಆದರೆ ಒಬ್ಬರ ಶ್ರಮವನ್ನು ಇನ್ನೊಬ್ಬರ ಖಾತೆಗೆ ಬರೆಯಬಾರದು.

1927ರಲ್ಲಿ ಮಂಜಪ್ಪನವರು ಆಲಮಟ್ಟಿಗೆ ಬಂದರು. ಆಗ ಅವರಿಗೆ 41 ವರ್ಷ. ಆಲಮಟ್ಟಿ ಅಂದಿನ ಬಿಜಾಪುರ ಜಿಲ್ಲೆಯ ಬಾಗೇವಾಡಿ ತಾಲ್ಲೂಕಿನ ಸಣ್ಣ ಊರು. ಇಂದು ವಿಜಯಪುರ ಜಿಲ್ಲೆಯ ನಿಡಗುಂದಿ ತಾಲ್ಲೂಕಿನಲ್ಲಿದೆ. ಗದಗ–ಹೊಟಗಿ ರೈಲುದಾರಿ ಕೃಷ್ಣೆಯನ್ನು ದಾಟುವುದು ಇಲ್ಲಿಯೇ. ಉತ್ತರಕ್ಕೆ ಬಸವಣ್ಣ ಹುಟ್ಟಿದ ಬಾಗೇವಾಡಿ. ಹೊಳೆಯ ಕೆಳಗೆ, ಕೃಷ್ಣೆ ಮಲಪ್ರಭೆಗಳು ಕೂಡುವಲ್ಲಿ, ಅವನು ಓದಿ ಬೆಳೆದ ಕೂಡಲಸಂಗಮ. ಜನಿವಾರ ಒಲ್ಲೆನೆಂದು ಮನೆ ಬಿಟ್ಟ ಬಾಲಕ ಬಾಗೇವಾಡಿಯಿಂದ ಸಂಗಮಕ್ಕೆ ನಡೆದನೆಂದು ಪರಂಪರೆ ಹೇಳುತ್ತದೆ. ಅದೇ ಸೀಮೆಯಲ್ಲಿ ಮಂಜಪ್ಪನವರು ನೆಲೆ ನಿಂತರು.

ನದಿ ಮಗ್ಗುಲಲ್ಲಿ ಹರಿದರೂ ಹೊಲಕ್ಕೆ ನೀರಿಲ್ಲದ ನಾಡು ಅದು. ಮುಗಿಲು ನೋಡಿ ಬಿತ್ತುವ ಜೋಳದ ಸೀಮೆ; 1876–78ರ ಭೀಕರ ಬರ ಆ ಜಿಲ್ಲೆಯ ಊರೂರನ್ನೇ ಬರಿದು ಮಾಡಿತ್ತು, ಆಮೇಲೂ ಬರ ತಪ್ಪಿರಲಿಲ್ಲ. ಇಂಥ ಕಡೆ ಬಂದು ಅವರು ಆಶ್ರಮವನ್ನೂ ಮಕ್ಕಳು ಉಳಿದು ಓದುವ ವಿದ್ಯಾಲಯವನ್ನೂ ಆರಂಭಿಸಿದರು. ತಾನು ಏರಲಾಗದ ಮೆಟ್ಟಿಲುಗಳನ್ನು ಮಂಜಪ್ಪನವರು ಮರೆತಿರಲಿಲ್ಲ ಎಂದೇ ತೋರುತ್ತದೆ. ಮನೆ ಬಿಟ್ಟು ಓದಲು ನೆಲೆಯಿಲ್ಲದ ಹುಡುಗನಿಗೆ ನೆಲೆ ಕೊಡುವುದು, ಓದಿನ ಜೊತೆಗೆ ಕೈಗೆಲಸ ಕಲಿಸುವುದು, ಕಲಿಸುವವನೇ ಮೊದಲು ದುಡಿದು ತೋರಿಸುವುದು ಅವರ ಶಿಕ್ಷಣದ ಕ್ರಮ. ಬುದ್ಧಿ ಬೆಳೆದು ಕೈ ಸೋಮಾರಿಯಾದರೆ ವಿದ್ಯೆ ಅರ್ಧ ಎಂಬ ನಂಬಿಕೆ ಅವರದು. ಶರಣರ ಕಾಯಕವೂ ಗಾಂಧೀಜಿಯ ಚರಕವೂ ಅಲ್ಲಿ ಬೇರೆ ಬೇರೆ ಪಾಠಗಳಾಗಿರಲಿಲ್ಲ.

ಆಲಮಟ್ಟಿಯ ಕಾಲದಲ್ಲಿ ಅವರು ‘ಉದ್ಯೋಗ’ ಎಂಬ ಮಾಸಪತ್ರಿಕೆಯನ್ನೂ ‘ಶರಣ ಸಂದೇಶ’ ಎಂಬ ವಾರಪತ್ರಿಕೆಯನ್ನೂ ಹೊರಡಿಸಿದರು. ಜಿಲ್ಲಾ ಕೇಂದ್ರದಲ್ಲಿ ಅದೇ ವರ್ಷಗಳಲ್ಲಿ ಹಳಕಟ್ಟಿಯವರು ‘ಶಿವಾನುಭವ’ (1926) ಮತ್ತು ‘ನವಕರ್ನಾಟಕ’ (1927) ಪತ್ರಿಕೆಗಳನ್ನು ತಮ್ಮ ಹಿತಚಿಂತಕ ಮುದ್ರಣಾಲಯದಿಂದ ನಡೆಸುತ್ತಿದ್ದರು. ಹಳಕಟ್ಟಿಯವರು ಕಾನೂನು ಓದಿದ ವಕೀಲರು; ಓಲೆಗರಿಗಳನ್ನು ಹುಡುಕಿ, ಪಾಠ ನೋಡಿ, ವಚನಗಳನ್ನು ಅಚ್ಚಿಗೆ ತಂದರು. ಮಂಜಪ್ಪನವರು ಆ ವಿಚಾರವನ್ನು ಅಕ್ಷರ ಕೂಡಿಸಿ ಓದುವ ರೈತನಿಗೂ ತಿಳಿಯುವ ಮಾತಿಗೆ ಇಳಿಸಿದರು. ಬರ ಕಾಡುವ ಒಂದೇ ಜಿಲ್ಲೆಯಲ್ಲಿ, ಒಂದೇ ಕಾಲಕ್ಕೆ, ಈ ಇಬ್ಬರು ಕೆಲಸ ಮಾಡಿದ್ದರಿಂದ ವಚನ ಚಳವಳಿಗೆ ಪಾಂಡಿತ್ಯವೂ ಜನಬಳಕೆಯೂ ಒಟ್ಟಿಗೆ ಒದಗಿದವು.

ಮಂಜಪ್ಪನವರು ಬರೆದ ಪುಸ್ತಕಗಳು ಸುಮಾರು 90. ಹೆಚ್ಚಿನವು ಸಣ್ಣವು: ನೀತಿ, ಬ್ರಹ್ಮಚರ್ಯ, ದೇಶಭಕ್ತಿ, ಸ್ತ್ರೀಶಿಕ್ಷಣ, ಆರೋಗ್ಯ, ಶರಣರ ಚರಿತ್ರೆ, ಗಾಂಧೀವಿಚಾರ. ಸಾಹಿತ್ಯ ವಿಮರ್ಶೆಯ ಅಳತೆಗೋಲು ಹಿಡಿದವರು ಇವುಗಳನ್ನು ಬದಿಗಿಡುವುದುಂಟು, ಅದು ಸರಿಯಾದ ತೀರ್ಮಾನವಲ್ಲ. ಇವು ಪಂಡಿತರಿಗೆ ಬರೆದ ಪುಸ್ತಕಗಳಲ್ಲ. ತನ್ನಂತೆ ಮುಲ್ಕಿಗೆ ನಿಂತವನಿಗೆ, ಅದನ್ನೂ ಮುಟ್ಟದೆ ಶಾಲೆ ಬಿಟ್ಟವನಿಗೆ, ಮನೆಯಲ್ಲೇ ಅಕ್ಷರ ಕಲಿತ ಹೆಣ್ಣುಮಗಳಿಗೆ ಬರೆದವು. ವಾಕ್ಯ ಚಿಕ್ಕದು, ಮಾತು ನೇರ. ಆಧುನಿಕ ವಿಚಾರವನ್ನು ಇಂಗ್ಲಿಷಿನ ಆಸರೆಯಿಲ್ಲದೆ ಕನ್ನಡದಲ್ಲೇ ಹೇಳಬಹುದೆಂಬುದಕ್ಕೆ 20ನೆಯ ಶತಮಾನದ ಮೊದಲರ್ಧದಲ್ಲಿ ಇಷ್ಟು ಹೇರಳವಾದ ಸಾಕ್ಷಿಯನ್ನು ಒದಗಿಸಿದವರು ವಿರಳ. ಬ್ರಹ್ಮಚರ್ಯದ ಬಗೆಗಿನ ಅವರ ಕಟ್ಟುನಿಟ್ಟು, ಹೆಣ್ಣಿನ ಧರ್ಮವನ್ನು ಕುರಿತ ಕೆಲವು ಮಾತುಗಳು ಇಂದಿನ ಓದುಗರಿಗೆ ಹಳತೆನಿಸುತ್ತವೆ. ಅವನ್ನು ಆ ಕಾಲದ ಸುಧಾರಕರ ಬರಹಗಳ ನಡುವೆ ಇಟ್ಟೇ ಓದಬೇಕು. ತಮ್ಮ ಸಾರ್ವಜನಿಕ ಬದುಕಿನ ಮೂವತ್ತು ವರ್ಷಗಳ ಲೆಕ್ಕವನ್ನು ಓದುಗರ ಮುಂದಿಡುವ ಆತ್ಮಕಥನವನ್ನೂ ಅವರು ಬರೆದಿದ್ದಾರೆ. ಆ ಕಾಲದ ಮಠ, ಪತ್ರಿಕೆ, ಖಾದಿ ಕೆಲಸಗಳ ಚರಿತ್ರೆಗೆ ಅದು ಒಳ್ಳೆಯ ಆಕರ.

1947ರ ಜನವರಿ 3ರಂದು ಮಂಜಪ್ಪನವರು ತೀರಿಕೊಂಡರು. ಸ್ವಾತಂತ್ರ್ಯಕ್ಕೆ ಏಳು ತಿಂಗಳು ಉಳಿದಿತ್ತು, ಅವರಿಗೆ 61 ತುಂಬಿರಲಿಲ್ಲ. ಸಮಾಧಿ ಆಲಮಟ್ಟಿಯಲ್ಲಿದೆ.

ಮುಂದೆ ಆಲಮಟ್ಟಿಯ ಹೆಸರು ದೇಶಕ್ಕೆ ತಿಳಿದದ್ದು ಕೃಷ್ಣಾ ಮೇಲ್ದಂಡೆ ಯೋಜನೆಯಿಂದ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು ಶಾಸ್ತ್ರಿಯವರ ಹೆಸರನ್ನೇ ಹೊತ್ತಿದೆ. 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. 26 ಗೇಟುಗಳ ಈ ಕಟ್ಟೆ, ಅದರ ಉದ್ಯಾನ, ಹಿನ್ನೀರುಗಳನ್ನು ನೋಡಲು ಬರುವ ಪ್ರವಾಸಿಗರಲ್ಲಿ ಮಂಜಪ್ಪನವರ ಹೆಸರು ಬಲ್ಲವರು ಕಡಿಮೆ. ಊರಿನ ಮಕ್ಕಳಿಗೆ ಆ ಹೆಸರು ದಿನವೂ ಕಿವಿಗೆ ಬೀಳುತ್ತದೆ: ಆಲಮಟ್ಟಿಯ ಮಂಜಪ್ಪ ಹರ್ಡೇಕರ ಸ್ಮಾರಕ ವಿದ್ಯಾಸಂಸ್ಥೆಯನ್ನು ಜನ ಎಂ.ಎಚ್.ಎಂ. ಎಂದು ಚಿಕ್ಕದಾಗಿ ಕರೆಯುತ್ತಾರೆ, ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳು ಅಲ್ಲಿ ನಡೆಯುತ್ತವೆ.