ಕೋಟೆ ಕಾಲೇಜಿನ ಪಾರಿವಾಳಗಳು

ಪರಭಾಷಿಕರಿಗೆ ಕನ್ನಡ ಕಲಿಸುವ ನನಗೆ 1800ರ ಕಲ್ಕತ್ತ ಮತ್ತೆ ಮತ್ತೆ ನೆನಪಾಗುತ್ತದೆ. ಆ ವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿ ಅಲ್ಲಿ ಫೋರ್ಟ್ ವಿಲಿಯಂ ಕಾಲೇಜು ತೆರೆದ. ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆಂದು ಹಡಗಿಳಿಯುತ್ತಿದ್ದವರಲ್ಲಿ ಹೆಚ್ಚಿನವರು ಹದಿಹರೆಯದ ಹುಡುಗರು. ಹೆತ್ತವರು ದೂರ, ಸಾಲ ಸುಲಭವಾಗಿ ಸಿಗುವ ಊರು, ಮೋಜಿಗೆ ಎಳೆಯುವ ಜೊತೆಗಾರರು. ದೇಶಭಾಷೆ ಕಲಿಸುವುದರ ಜೊತೆಗೆ ಅವರನ್ನು ಸೋಮಾರಿತನದಿಂದ, ದುಂದಿನಿಂದ ಕಾಯುವುದೂ ಕಾಲೇಜಿನ ಉದ್ದೇಶವಾಗಿತ್ತು.

1801ರಿಂದ ಅಲ್ಲಿ ಬಂಗಾಳಿ ಕಲಿಸಿದವನು ವಿಲಿಯಂ ಕೇರಿ. 1817ರಲ್ಲಿ ಕನ್ನಡ ವ್ಯಾಕರಣ ಪ್ರಕಟಿಸಿದವನೂ ಅವನೇ. ಪಂಡಿತ ಮೃತ್ಯುಂಜಯ ವಿದ್ಯಾಲಂಕಾರರು ಆ ಹುಡುಗರಿಗಾಗಿ ಹಿತೋಪದೇಶವನ್ನು ಬಂಗಾಳಿಗೆ ತಂದರು.

ಅದರಲ್ಲೊಂದು ಕತೆ: ಕಾಡಿನಲ್ಲಿ ಅಕ್ಕಿಕಾಳು ಚೆಲ್ಲಿದೆ. 'ಜನರಿಲ್ಲದ ಕಡೆ ಅಕ್ಕಿ ಎಲ್ಲಿಂದ ಬಂತು?' ಎಂದು ಪಾರಿವಾಳಗಳ ರಾಜ ಚಿತ್ರಗ್ರೀವ ಶಂಕಿಸುತ್ತಾನೆ. ಒಂದು ಪಾರಿವಾಳ ಹೆಮ್ಮೆಯಿಂದ ಆ ಮಾತನ್ನು ತಳ್ಳಿಹಾಕುತ್ತದೆ. ಎಲ್ಲವೂ ಇಳಿಯುತ್ತವೆ, ಬಲೆಗೆ ಬೀಳುತ್ತವೆ. ಉಳಿದವು ಆ ಪಾರಿವಾಳವನ್ನು ಬೈಯತೊಡಗಿದಾಗ, ಬೈದಾಡುವ ಹೊತ್ತಲ್ಲ ಇದು ಎಂದು ರಾಜ ಸಮಾಧಾನ ಹೇಳುತ್ತಾನೆ. ಎಲ್ಲವೂ ಒಟ್ಟಿಗೆ ಬಲೆಯನ್ನೇ ಹೊತ್ತು ಹಾರುತ್ತವೆ.

1812ರಲ್ಲಿ ಮದರಾಸಿನಲ್ಲಿ ತೆರೆದ ಸೇಂಟ್ ಜಾರ್ಜ್ ಕೋಟೆ ಕಾಲೇಜಿನಲ್ಲಿ ಕನ್ನಡವೂ ಪಾಠವಾಯಿತು. ಕಲಿಯುವವರಿಗೆ ವ್ಯಾಕರಣದಷ್ಟೇ ವಿವೇಕವೂ ಬೇಕೆಂಬ ಫೋರ್ಟ್ ವಿಲಿಯಂ ಕಾಲೇಜಿನ ಆ ತಿಳಿವಳಿಕೆ ನನಗೆ ಇಂದಿಗೂ ಸರಿಯೆನಿಸುತ್ತದೆ. ಆ ಪಾರಿವಾಳಗಳಂತೆ ಜೊತೆಗಾರರ ಮಾತಿಗೆ ಹೂಂ ಎನ್ನುವುದು ಹೊಸ ಭಾಷೆಯಲ್ಲಿ ಸುಲಭ, ಬೇಡವೆನ್ನಲು ಮಾತೇ ಸಾಲದು. ಅದಕ್ಕೇ ನನ್ನ ತರಗತಿಯಲ್ಲಿ ಮೊದಲ ವಾರವೇ ಎಲ್ಲರೂ ಗಟ್ಟಿಯಾಗಿ ಅಭ್ಯಾಸ ಮಾಡುತ್ತಾರೆ: 'ಬೇಡಪ್ಪ, ನಾನು ಬರೋದಿಲ್ಲ. ನೀನೂ ಹೋಗಬೇಡ.'