ತೇರ್ಸಿನ ನಂತರದ ಹಾಡು

ಕಿರಿಮಂಜೇಶ್ವರದ ಕಡೆಯ ಒಂದು ಕ್ರಿಶ್ಚಿಯನ್ ಮನೆ ನನಗೆ ಚೆನ್ನಾಗಿ ಗೊತ್ತು. ಸಂಜೆ ಏಳಕ್ಕೆ ಅಲ್ಲಿ ತೇರ್ಸ್, ಅಂದರೆ ಜಪಮಾಲೆ. ಅದು ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ಬೆಸಾಂವ್ ಕೇಳುತ್ತಾರೆ, ಆಶೀರ್ವಾದ. ಆಮೇಲೆ ಒಂದು ಹಾಡು. ಮೊದಲೆಲ್ಲ ಅದನ್ನು ಎತ್ತಿಕೊಡುತ್ತಿದ್ದವರು ಮನೆಯ ಅಜ್ಜಿ. ನಾವು ಅವರನ್ನು ಬಾಯಮ್ಮ ಎನ್ನುತ್ತೇವೆ, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದೇ ಹಾಗೆ. ಈಗ ಅಲ್ಟಾರಿನ ಪಕ್ಕ ದುಬೈಯಿಂದ ಬಂದ ಬ್ಲೂಟೂತ್ ಸ್ಪೀಕರ್ ಕೂತಿದೆ. ಮೊಮ್ಮಗ ಮೊಬೈಲ್ ಒತ್ತುತ್ತಾನೆ, ಕೊಂಕಣಿ ಭಕ್ತಿಗೀತೆ ಮನೆ ತುಂಬುತ್ತದೆ, ಬಾಯಮ್ಮ ಬಾಯಿ ಮುಚ್ಚಿ ಕೂರುತ್ತಾರೆ. ಯಾಕೆ ಹಾಡುವುದಿಲ್ಲ ಎಂದು ಒಮ್ಮೆ ಕೇಳಿದೆ. ಮನೆಯವರೊಡನೆ ಕೊಂಕಣಿ, ನನ್ನೊಡನೆ ಕುಂದಗನ್ನಡ: “ಅದೇ ಹಾಡತ್ತಲ್ದಾ, ನಾವ್ ಎಂತಕ್ ಹಾಡೂದ್?”

ಕನ್ನಡದಲ್ಲಿ ಹಾಡನ್ನು ಹಾಡುತ್ತಿದ್ದ ನಾವು ಯಾವಾಗಲೋ ಹಾಡನ್ನು ‘ಹಾಕ’ಲು ಶುರುಮಾಡಿದೆವು. ಕರಾವಳಿಯ ಕಥೊಲಿಕ್ ಮನೆಗಳ ಸಂಗೀತದ ಚರಿತ್ರೆಯೆಂದರೆ ಬಹುಮಟ್ಟಿಗೆ ಆ ಎರಡು ಕ್ರಿಯಾಪದಗಳ ನಡುವಿನ ದಾರಿ.

ದಾರಿ ಹಳೆಯದು. ಕುಂದಾಪುರದ ರೋಜರಿ ಮಾತೆಯ ಇಗರ್ಜಿ, ಅಂದರೆ ಚರ್ಚು, ತನ್ನ ಹುಟ್ಟುವರ್ಷವನ್ನು 1570 ಎಂದು ಹೇಳಿಕೊಳ್ಳುತ್ತದೆ. ಗೋವಾದಿಂದ ಅಲೆಅಲೆಯಾಗಿ ದಕ್ಷಿಣಕ್ಕೆ ಬಂದ ಕುಟುಂಬಗಳು ಭತ್ತದ ಬೀಜ, ಮೀನಿನ ಬಲೆಗಳ ಜತೆ ವೊವಿಯೊಗಳನ್ನೂ ತಂದವು. ವೊವಿಯೊ ಎಂದರೆ ಓವಿ. ನಮ್ಮ ಬೀಸುಕಲ್ಲಿನ ಪದಗಳ ಅಕ್ಕತಂಗಿ. ಮದುವೆಯ ಮುನ್ನಾದಿನ ಮದುಮಗನಿಗೆ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ‘ರೋಸ್’ ಶಾಸ್ತ್ರದಲ್ಲಿ ಹೆಂಗಸೊಬ್ಬಳು ಸಾಲು ಎತ್ತಿಕೊಡುತ್ತಾಳೆ, ಉಳಿದವರು ಹಿಡಿದುಕೊಳ್ಳುತ್ತಾರೆ. 1736ರಲ್ಲಿ ಗೋವಾದ ಇನ್‌ಕ್ವಿಸಿಷನ್ ಹೊರಡಿಸಿದ ಆಜ್ಞೆಯಲ್ಲಿ ಮದುವೆಮನೆಯ ಈ ಹಾಡುಗಳಿಗೂ ನಿಷೇಧವಿತ್ತು. ಹಳೆಯ ಧರ್ಮದ ವಾಸನೆ ಇನ್ನೂ ಹೋಗಿಲ್ಲ ಎಂಬುದು ಪಾದ್ರಿಗಳ ಅನುಮಾನ. ಕೆನರಾದಲ್ಲಿ, ಅಂದರೆ ನಮ್ಮ ಕರಾವಳಿಯಲ್ಲಿ, ರೋಸ್ ಉಳಿಯಿತು, ವೊವಿಯೊ ಉಳಿಯಿತು. ಅಡುಗೆಮನೆಯ ಹಾಡಿಗೆ ಕಾವಲುಗಾರನನ್ನು ಇಡುವುದು ಯಾವ ಅಧಿಕಾರಕ್ಕೂ ಸುಲಭವಲ್ಲ.

ತಮಾಷೆಯೆಂದರೆ, ಅದೇ ಓವಿಯ ಛಂದಸ್ಸನ್ನು ಅದಕ್ಕೂ ಮೊದಲೇ ಒಬ್ಬ ಪಾದ್ರಿ ಒಲಿಸಿಕೊಂಡಿದ್ದ. 1579ರಲ್ಲಿ ಗೋವಾಕ್ಕೆ ಬಂದ ಇಂಗ್ಲಿಷ್ ಜೆಸುಯಿಟ್ ಥಾಮಸ್ ಸ್ಟೀಫನ್ಸ್ ಮರಾಠಿಯಲ್ಲಿ, ನಡುನಡುವೆ ಕೊಂಕಣಿ ಬೆರೆಸಿ, ಹತ್ತು ಸಾವಿರಕ್ಕೂ ಮಿಕ್ಕ ಓವಿಗಳ ‘ಕ್ರಿಸ್ತಪುರಾಣ’ ಬರೆದ. ಅಚ್ಚಾದದ್ದು 1616ರಲ್ಲಿ. ಹದಿನೇಳನೇ ಶತಮಾನದ ಮುದ್ರಣಗಳ ಒಂದು ಪ್ರತಿಯೂ ಇಂದು ಸಿಕ್ಕಿಲ್ಲ. ಪುರಾಣ ಉಳಿದದ್ದು ಕೈಬರಹದಲ್ಲಿ. 1907ರಲ್ಲಿ ಜೋಸೆಫ್ ಸಲ್ದಾನ ಅದನ್ನು ಮತ್ತೆ ಸಂಪಾದಿಸಿದ್ದು, ಅಚ್ಚು ಹಾಕಿಸಿದ್ದು ಮಂಗಳೂರಿನ ಬೋಳಾರದಲ್ಲಿ, ಈ ಕಡೆಯ ಮನೆಗಳು ಜೋಪಾನ ಮಾಡಿದ್ದ ಪ್ರತಿಗಳ ಬಲದಿಂದ. ಕುಮಾರವ್ಯಾಸ ನಮ್ಮ ಜಗಲಿಗಳಲ್ಲಿ ಹೇಗೋ, ಸ್ಟೀಫನ್ಸ್ ಕಥೊಲಿಕರ ಜಗಲಿಗಳಲ್ಲಿ ಹಾಗೆ. ಗೊತ್ತಿರುವ ಕತೆ, ಗೊತ್ತಿರುವ ರಾಗ, ಕೇಳುವವನೂ ಒಂದು ಸಾಲು ಸೇರಿಸಬಲ್ಲ.

ಟಿಪ್ಪು ಈ ಕರಾವಳಿಯ ಕಥೊಲಿಕರನ್ನು ಹಿಡಿದಿಟ್ಟ ಸೆರೆ, 1784ರಿಂದ 1799, ಈ ಸಮುದಾಯದ ನೆನಪಿನಲ್ಲಿ ಈಗಲೂ ಹಸಿಯಾಗಿದೆ. ಹಾಡಿನ ಚರಿತ್ರೆಯಲ್ಲಿ ಅದರ ಪಕ್ಕದಲ್ಲೇ ನಿಲ್ಲುವ ಹೆಸರು ಗೋವಾದ ಪಾದ್ರಿ ಜೊವಾಕಿಂ ಮಿರಾಂದರದು. ಯೇಸುವಿನ ಯಾತನೆಯನ್ನು ಹೇಳುವ ‘ರಿಗ್ಲೊ ಜೆಜು ಮೊಳ್ಯಾಂತ್’ ಅವರ ರಚನೆ. ಕರೆಜ್ಮಾದ, ಅಂದರೆ ತಪಸ್ಸುಕಾಲದ ಹಾಡು. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಮೊಂತಿ ಫೆಸ್ತ್ ಶುರುಮಾಡಿದವರೂ ಅವರೇ ಎನ್ನುತ್ತಾರೆ. ಸೆಪ್ಟೆಂಬರ್ 8ರ ಆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ತಂದು ಮರಿಯಮ್ಮನಿಗೆ ಅರ್ಪಿಸುತ್ತಾ ‘ಸಕ್ಕಡ್ ಸಾಂಗಾತಾ ಮೆಳ್ಯಾಂ’ ಹಾಡುತ್ತಾರೆ. ಎಲ್ಲರೂ ಒಟ್ಟುಸೇರೋಣ ಎಂಬುದು ಅದರ ಹೆಸರಿನ ಅರ್ಥ. ಮನೆಗೆ ಒಂದೇ ಹಾಡು ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಹೊಸ ತೆನೆ ಮನೆಗೆ ಬರುವ ಹೊತ್ತಿನ ಹಾಡು, ಐದು ವರ್ಷದ ಮಗುವಿನ ಗಂಟಲಿಗೂ ಎಟಕುತ್ತದೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಇಟಲಿಯ ಜೆಸುಯಿಟರು ಮಂಗಳೂರಿಗೆ ಬಂದರು. 1880ರಲ್ಲಿ ಕಾಲೇಜು, 1882ರಲ್ಲಿ ಕೊಡಿಯಾಲಬೈಲಿನ ಮುದ್ರಣಾಲಯ. ಕನ್ನಡ ಲಿಪಿಯ ಕೊಂಕಣಿ ಪ್ರಾರ್ಥನೆ ಪುಸ್ತಕಗಳು ಮನೆಮನೆಗೆ ಬಂದವು. ಇಗರ್ಜಿಯೊಳಗೆ ಲ್ಯಾಟಿನ್ನು. ಅರ್ಥ ತಿಳಿಯದಿದ್ದರೂ ಉದ್ದುದ್ದ ಬಾಯಿಪಾಠ ಬರುತ್ತಿದ್ದ ಮುದುಕರನ್ನು ನಾನು ಕಂಡಿದ್ದೇನೆ. ನಮ್ಮಲ್ಲಿ ಸಂಸ್ಕೃತ ಮಂತ್ರ ಹೇಳುವವರದೂ ಅದೇ ಪಾಡು ತಾನೆ?

1903ರಲ್ಲಿ ಪೋಪ್ ಹತ್ತನೇ ಪಿಯೂಸ್ ಇಗರ್ಜಿಯ ಸಂಗೀತದ ಬಗ್ಗೆ ಕಟ್ಟುನಿಟ್ಟು ಮಾಡಿ, ಪಿಯಾನೊ, ಡೋಲು, ತಾಳದಂಥ ಗದ್ದಲದ ವಾದ್ಯಗಳನ್ನು ಹೊರಗಿಟ್ಟರು. ಗುಮಟೆಯ ಗತಿ ಏನು? ಗುಮಟೆಯೆಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿಯನ್ನು ಎಡಗೈಯಲ್ಲಿ ಮುಚ್ಚಿ ತೆರೆದು ನಾದ ಬದಲಿಸುವುದು. ಅದು ರೋಸ್ ಚಪ್ಪರದಲ್ಲೂ ಮನೆಯ ಜಗಲಿಯಲ್ಲೂ ಬದುಕಿಕೊಂಡಿತು. ಕಥೊಲಿಕರಲ್ಲಿ ಮಾತ್ರವಲ್ಲ. ಗಂಗೊಳ್ಳಿ, ಕುಂದಾಪುರದ ಖಾರ್ವಿಗಳ ಹೋಳಿಯಲ್ಲಿ, ಬ್ರಹ್ಮಾವರದ ಕಡೆಯ ಕುಡುಬಿಯರ ಹೋಳಿ ಕುಣಿತದಲ್ಲಿ ಅದೇ ಗುಮಟೆ. ಒಂದೇ ದಾರಿಯಲ್ಲಿ ಗೋವಾದಿಂದ ಇಳಿದು ಬಂದವರು ಬೇರೆಬೇರೆ ದೇವರ ಮುಂದೆ ಒಂದೇ ಮಡಕೆ ಬಡಿಯುತ್ತಾರೆ. ಹಿಂದೆ ಅದಕ್ಕೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆಡಿನ ಚರ್ಮ. ನಾದ ಒಂದು ಗುಲಗಂಜಿ ಕಡಿಮೆಯಾಯಿತು ಎಂದು ಹಳಬರ ದೂರು. ಉಡಗಳ ದೂರು ನಿಂತಿರಬೇಕು.

ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಆರಾಧನಾ ವಿಧಿಯ ಬಗ್ಗೆ ಹೊರಡಿಸಿದ ಶಾಸನ ಜನರ ಭಾಷೆಗೂ, ಆಯಾ ನಾಡಿನ ಸಂಗೀತಕ್ಕೂ ಬಾಗಿಲು ತೆರೆಯಿತು. ಕರಾವಳಿಯಲ್ಲಿ ಪೂಜೆ ಕೊಂಕಣಿಗೆ ಬಂತು, ಬೇರೆ ಕಡೆ ಕನ್ನಡಕ್ಕೆ. ಹಾಡುಗಳು ಬೇಕಾದವು, ಅವಸರದಲ್ಲಿ ಬೇಕಾದವು. ಆ ಅವಸರದಲ್ಲಿ ಹುಟ್ಟಿದ್ದರಲ್ಲಿ ಪಾಶ್ಚಾತ್ಯ ಧಾಟಿಯ ಮೇಲೆ ಪದ ಕೂಡಿಸಿದ್ದೇ ಹೆಚ್ಚು ಎಂದು ನನಗನಿಸುತ್ತದೆ. ದೀರ್ಘ ಬರಬೇಕಾದ ಕಡೆ ಹ್ರಸ್ವ, ಹ್ರಸ್ವದ ಕಡೆ ಎಳೆತ. ಹಾಡುವಾಗ ನಾಲಿಗೆ ಎಡವುತ್ತದೆ.

ಅಷ್ಟರಲ್ಲಿ ಯಂತ್ರ ಬಂತು. 1976ರ ಡಿಸೆಂಬರ್ 11ಕ್ಕೆ ಮಂಗಳೂರು ಆಕಾಶವಾಣಿ ಶುರುವಾಯಿತು. ಪ್ರಸಾರದ ಗೋಪುರ ಇರುವುದು ನಮ್ಮ ಬ್ರಹ್ಮಾವರದಲ್ಲಿ. ಆ ಗೋಪುರದ ಕೃಪೆಯಿಂದ ಕೊಂಕಣಿ ಹಾಡು ಕಥೊಲಿಕರಲ್ಲದ ಮನೆಗಳ ರೇಡಿಯೊಗಳಿಗೂ ಬಂತು. ‘ಕೊಂಕಣ ಕೋಗುಳ್’ ವಿಲ್ಫಿ ರೆಬಿಂಬಸ್ (1942–2010) ಅವರ ಪ್ರೇಮಗೀತೆ ಗುನುಗದ ಹುಡುಗರು ನಮ್ಮ ಪ್ರಾಯದವರಲ್ಲಿ ಕಡಿಮೆ, ಅರ್ಥ ಗೊತ್ತಿಲ್ಲದವರೂ ಸೇರಿ. ಗಲ್ಫಿಗೆ ಹೋದವರು ಟೂ-ಇನ್-ವನ್ ತಂದರು, ಕ್ಯಾಸೆಟ್ಟುಗಳು ಬಂದವು. ‘ಹಾಕು’ ಎಂಬ ಕ್ರಿಯಾಪದ ಗೆದ್ದದ್ದು ಆಗ. ಕ್ರಿಸ್ಮಸ್ ಬಂತೆಂದರೆ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ಪಕ್ಕ ಜಿಮ್ ರೀವ್ಸ್. ಟೆಕ್ಸಾಸ್‌ನ ಆ ಗಾಯಕ ಕಥೊಲಿಕನಲ್ಲ ಎಂದರೆ ಎಷ್ಟೋ ಮನೆಗಳಲ್ಲಿ ಜಗಳಕ್ಕೇ ಬಂದಾರು.

ಈ ಹರಿವಿಗೆ ಅಡ್ಡ ನಿಂತದ್ದು 1986ರಲ್ಲಿ ಎರಿಕ್ ಒಝೇರಿಯೊ ಮತ್ತು ಗೆಳೆಯರು ಕಟ್ಟಿದ ಮಾಂಡ್ ಸೊಭಾಣ್ ಸಂಘಟನೆ. ಕೊಂಕಣಿಗೆ ತನ್ನದೇ ಧಾಟಿಯಿದೆ ಎಂದು ಹಟ ಹಿಡಿದು ಗುಮಟೆಯನ್ನು ಅಟ್ಟದಿಂದ ಇಳಿಸಿ ವೇದಿಕೆಗೆ ತಂದವರು. 2008ರ ಜನವರಿಯಲ್ಲಿ ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ 40 ಗಂಟೆ ಬಿಡದೆ ಕೊಂಕಣಿ ಹಾಡಿ ಗಿನ್ನೆಸ್ ಪುಸ್ತಕ ಸೇರಿದರು. ದಾಖಲೆಗಿಂತ ನನಗೆ ಮುಖ್ಯವೆನಿಸಿದ್ದು ಬೇರೆ: ಅಜ್ಜಿಯ ಹಾಡಿಗೆ ನಾಚಬೇಕಿಲ್ಲ ಎಂಬುದು ಕಾನ್ವೆಂಟಿನಲ್ಲಿ ಕಲಿತ ಮಕ್ಕಳಿಗೆ ಗೊತ್ತಾಯಿತು.

ಯೂಟ್ಯೂಬ್ ಕಾಲದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಸರಕು ಬೇಕಾದಷ್ಟಿದೆ. 2020ರ ಲಾಕ್‌ಡೌನಿನಲ್ಲಿ ಇಗರ್ಜಿ ಮುಚ್ಚಿದಾಗ ಟೀವಿಯ ಮುಂದೆ ಮೊಣಕಾಲೂರಿ ಪೂಜೆ ಕೇಳಿದ ಮನೆಗಳಿಗೆ ಅದೇ ಆಸರೆಯಾಗಿತ್ತು. ತೊಂದರೆ ಇರುವುದು ಆರಿಸುವಲ್ಲಿ. ಈಗಿನ ಧ್ವನಿಮುದ್ರಣಗಳು ಹೆಚ್ಚಾಗಿ ಒಬ್ಬ ತಯಾರಾದ ಕಂಠಕ್ಕೆ ಹೊಂದಿಸಿದವು. ಶ್ರುತಿ ಮೇಲೆ, ಪ್ರತಿಧ್ವನಿ ಗುಹೆಯೊಳಗಿನ ಹಾಗೆ. ಕೇಳಲು ಚೆಂದ, ಸೇರಲು ಜಾಗವಿಲ್ಲ. ಫ್ರಾನ್ಸಿನ ತೆಜೇ ಮಠದ ಹಾಡುಗಳನ್ನು ಕೇಳಿದವರಿಗೆ ವ್ಯತ್ಯಾಸ ತಿಳಿಯುತ್ತದೆ. ಒಂದೆರಡು ಸಾಲು, ಮತ್ತೆ ಮತ್ತೆ. ಜಾಕ್ ಬರ್ತಿಯೆ ಎಂಬ ಸಂಗೀತಗಾರ ಅವುಗಳಲ್ಲಿ ಹಲವನ್ನು ಕಟ್ಟಿದ್ದು ಬೇರೆಬೇರೆ ದೇಶಗಳಿಂದ ಬಂದ ಯಾತ್ರಿಕರು ಪುಸ್ತಕವಿಲ್ಲದೆ ಸೇರಿಕೊಳ್ಳಲಿ ಎಂದು. ವೊವಿಯೊ ಮಾಡುತ್ತಿದ್ದ ಕೆಲಸವೂ ಇದೇ ಅಲ್ಲವೆ? ಮನೆಗೆ ಹಾಡು ಆರಿಸುವವರಿಗೆ ನನ್ನ ಅಳತೆಗೋಲು ಇಷ್ಟೇ. ಎರಡನೇ ಸಲ ಬಂದಾಗ ಮನೆಯ ಚಿಕ್ಕದೂ ಹಿರಿದೂ ಪಲ್ಲವಿ ಹಿಡಿಯಬೇಕು. ಇನ್ನೊಂದು, ಋತುವಿನ ಲೆಕ್ಕ. ಕರೆಜ್ಮಾದಲ್ಲಿ ಅಲ್ಲೆಲೂಯ ಕೂಡದು. ನಲವತ್ತು ದಿನ ಬಾಯಿ ಕಟ್ಟಿದ ಆ ಪದ ಪಾಸ್ಖದ, ಅಂದರೆ ಈಸ್ಟರಿನ, ರಾತ್ರಿ ಬಂದಾಗಿನ ಸೊಗಸು, ವರ್ಷವಿಡೀ ಒಂದೇ ಪಟ್ಟಿ ಹಾಕುವ ಮನೆಗೆ ದಕ್ಕುವುದಿಲ್ಲ.

ಕಳೆದ ಮಳೆಗಾಲ, ಮೊಂತಿ ಫೆಸ್ತಿನ ನೊವೆನದ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆಯ, ಹೊತ್ತಿನಲ್ಲಿ ಆ ಮನೆಗೆ ಹೋಗಿದ್ದೆ. ಕಪಾಟಿನ ಮೇಲಿನ ಗುಮಟೆಯನ್ನು ಯಾರೋ ಇಳಿಸಿದ್ದರು. ಮಳೆಗೆ ಚರ್ಮ ಸಡಿಲ, ಬಡಿದರೆ ಹಲಸಿನ ಹಣ್ಣಿಗೆ ಬಡಿದ ಸದ್ದು. ಸೊಸೆ ಅದನ್ನು ಬಚ್ಚಲ ಒಲೆಯ ಬಾಯಿಗೆ ಹಿಡಿದು ತಿರುಗಿಸಿ ತಿರುಗಿಸಿ ಕಾಯಿಸುತ್ತಿದ್ದಳು. ಮೊಮ್ಮಗ ಮೊಬೈಲಿನಲ್ಲಿ ಯಾವುದೋ ಆ್ಯಪ್ ಇಳಿಸಿಕೊಂಡಿದ್ದ. ಹಾಡಿನಿಂದ ಗಾಯಕಿಯ ದನಿ ತೆಗೆದು, ಶ್ರುತಿ ಮೂರು ಮನೆ ಕೆಳಗೆ ಇಳಿಸುತ್ತಾನಂತೆ. “ಇಷ್ಟ್ ಸಾಕಾ?” ಎಂದು ನನ್ನನ್ನು ಕೇಳಿದ. ನನಗೇನು ಗೊತ್ತು, ಬಾಯಮ್ಮನ ಕಡೆ ಕೈ ತೋರಿಸಿದೆ. ಅವರು ಇನ್ನೂ ಒಂದು ಇಳಿಸು ಎಂಬಂತೆ ಬೆರಳು ಕೆಳಗೆ ಮಾಡಿದರು, ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಅರ್ಧ ಸಾಲು ತಡವಾಗಿಯೇ ಎತ್ತಿಕೊಂಡರು.